ಹೆದೆಯೇರಿಸಿದ ಹಡಗು

೧೯೯೫ನೆಯ ಇಸವಿ ಮಾರ್ಚ್ ೫ನೆಯ ತಾರೀಖು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಡಿಯೇಗೋ ನಗರದೆದುರಿನ ಸಮುದ್ರದಲ್ಲಿ ಎರಡು ಹಾಯಿಹಡಗುಗಳು ಪಂದ್ಯದಲ್ಲಿ ತೊಡಗಿದ್ದವು. ಒಂದು ನ್ಯೂಜಿಲೆಂಡಿನದು, ಇನ್ನೊಂದು 'ಒನ್ ಆಸ್ಟ್ರೇಲಿಯಾ' ಎಂಬ ಹೆಸರಿನ ಆಸ್ಟ್ರೇಲಿಯದ ಹಡಗು. ೧೮೫೧ರಷ್ಟು ಹಿಂದೆ ಆರಂಭವಾದ 'ಅಮೆರಿಕಾಸ್ ಕಪ್' ಪಂದ್ಯಕ್ಕೆ ಸ್ಪರ್ಧಿಯನ್ನು ಆರಿಸುವ ಸುತ್ತುಗಳಲ್ಲಿ ಅದೂ ಒಂದು. ಗಾಳಿ ಬಲವಾಗಿತ್ತು, ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಬರುತ್ತಿದ್ದವು. ಇದ್ದಕ್ಕಿದ್ದಂತೆ ಆಸ್ಟ್ರೇಲಿಯದ ಹಡಗಿನ ಡೆಕ್ಕು ನಡುವಿನಲ್ಲಿ ಮುದುಡಿಕೊಂಡಿತು. ಮೂತಿಯೂ ಹಿಂಬದಿಯೂ ಮೇಲೆದ್ದವು. ಹಡಗು ಉಂಡೆದ್ದವನು ಮಡಿಸಿದ ಎಲೆಯಂತಾಯಿತು. ನಾವಿಕರು ನೀರಿಗೆ ಹಾರಿದರು. ಎರಡು ಮೂರು ನಿಮಿಷಗಳಲ್ಲಿ ಹಡಗು ಕಣ್ಮರೆಯಾಯಿತು. ಹತ್ತಿರದಲ್ಲೇ ಇದ್ದ ದೋಣಿಗಳು ಎಲ್ಲರನ್ನೂ ಎತ್ತಿಕೊಂಡದ್ದರಿಂದ ಒಂದು ಜೀವವೂ ಹೋಗಲಿಲ್ಲ.

ಈ ಹಡಗನ್ನು ಕಟ್ಟಿದ್ದುದು ಕಾರ್ಬನ್ ನಾರಿನಿಂದ. ಉಕ್ಕಿಗಿಂತ ಅನೇಕ ಪಟ್ಟು ಬಲವಾದದ್ದು, ತೂಕದಲ್ಲಿ ಅದರ ನಾಲ್ಕನೆಯ ಒಂದು ಪಾಲಿಗಿಂತಲೂ ಕಡಮೆಯಾದದ್ದು ಎಂದು ನಾವೆಲ್ಲರೂ ಓದಿರುವ ದ್ರವ್ಯವೇ ಇದು. ಹಾಗಾದರೆ ಅದು ಮುರಿದದ್ದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಇಂಥ ಹಡಗನ್ನು ಕಟ್ಟುವ ವಿದ್ಯೆಯ ತಿರುಳೇ ನಮ್ಮ ಕೈಗೆ ಸಿಕ್ಕುತ್ತದೆ.

ಮೊದಲು ನಾರಿನ ವಿಷಯ. ಇಂಗಾಲದ ಎಳೆ ಹೊಸದೇನೂ ಅಲ್ಲ. ೧೮೮೦ರ ಸುಮಾರಿನಲ್ಲಿ ಎಡಿಸನ್ ತನ್ನ ವಿದ್ಯುದ್ದೀಪಕ್ಕೆ ಬಿದಿರಿನ ಸೀಳನ್ನು ಸುಟ್ಟು ಮಾಡಿಕೊಂಡದ್ದೂ ಇಂಗಾಲದ ಎಳೆಯೇ. ಆದರೆ ಅದು ಬೆಳಕು ಕೊಟ್ಟೀತೇ ಹೊರತು ಭಾರ ಹೊರುವಂಥದಲ್ಲ. ಭಾರ ಹೊರುವ ನಾರು ಬಂದದ್ದು ಜಪಾನಿನ ಒಸಾಕಾದಲ್ಲಿ ಅಕಿಯೋ ಶಿಂಡೋ ಎಂಬವರು ೧೯೬೦ರ ಆಸುಪಾಸಿನಲ್ಲಿ ಪಾಲಿಅಕ್ರಿಲೋನೈಟ್ರೈಲ್ ಎಂಬ ಕೃತಕ ನೂಲನ್ನು ಸುಡಲಾರಂಭಿಸಿದ ಮೇಲೆ. ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯದವರು ಕೆಲವೇ ವರ್ಷಗಳಲ್ಲಿ ಅದನ್ನು ಇನ್ನಷ್ಟು ಬಲಪಡಿಸಿದರು. ನೂಲನ್ನು ಮೊದಲು ಗಾಳಿಯಲ್ಲಿ ೨೦೦ರಿಂದ ೩೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಹದವಾಗಿ ಕಾಯಿಸುವುದು. ಆಮೇಲೆ ಆಮ್ಲಜನಕದ ಸೋಂಕಿಲ್ಲದ ಕುಲುಮೆಯಲ್ಲಿ ೧೦೦೦ ಡಿಗ್ರಿಗೂ ಮೀರಿ ಸುಡುವುದು. ಉದ್ದಕ್ಕೂ ಎಳೆದು ಹಿಡಿದಿರುವುದರಿಂದ, ಇತರ ಪರಮಾಣುಗಳು ಬಿಟ್ಟುಹೋದಂತೆಲ್ಲ ಉಳಿದ ಇಂಗಾಲದ ಹಾಳೆಗಳು ಎಳೆಯ ನೇರಕ್ಕೆ ಸಾಲುಗಟ್ಟುತ್ತವೆ. ಕಡೆಗೆ ದೊರೆಯುವ ಎಳೆಯ ವ್ಯಾಸ ೫ರಿಂದ ೭ ಮೈಕ್ರೋಮೀಟರ್, ಎಂದರೆ ನಮ್ಮ ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು.

ಇನ್ನು ಅಂಕಿಗಳು. ಸಾಮಾನ್ಯ ದರ್ಜೆಯ ಕಾರ್ಬನ್ ನಾರಿನ ಯಂಗನ ಗುಣಾಂಕ ೨೩೦ ಗಿಗಾಪಾಸ್ಕಲ್, ಉಕ್ಕಿನದು ೨೦೦. ಬಿಗಿತದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಭೇದವಿರುವುದು ಸಾಂದ್ರತೆಯಲ್ಲಿ: ನಾರಿನದು ೧.೮, ಉಕ್ಕಿನದು ೭.೮. ಎಳೆತಕ್ಕೆ ನಾರು ತಡೆಯುವುದು ೪ರಿಂದ ೫ ಗಿಗಾಪಾಸ್ಕಲ್. ಕಟ್ಟಡಗಳಲ್ಲಿ ಬಳಸುವ ಉಕ್ಕು ಅದರ ಹತ್ತನೆಯ ಒಂದು ಪಾಲನ್ನು ತಡೆದರೆ ಹೆಚ್ಚು. ಜಾಹೀರಾತುಗಳು ಹೇಳುವುದು ಇಷ್ಟನ್ನೇ. ಹೇಳದೆ ಬಿಡುವ ಸಂಗತಿಗಳು ಮೂರು ಇವೆ. ಹಡಗು ಕಟ್ಟುವವನ ನಿದ್ದೆಗೆಡಿಸುವುದು ಅವೇ.

ಒಂದನೆಯದು, ಈ ಬಲವೆಲ್ಲ ಎಳೆಯ ಉದ್ದಕ್ಕೆ ಮಾತ್ರ. ಬಾಳೆಯ ಎಲೆಯನ್ನು ನರಗಳ ಗುಂಟ ಮಗುವೂ ಸೀಳಬಲ್ಲದು. ನರಗಳಿಗೆ ಅಡ್ಡಲಾಗಿ ಹರಿಯಬೇಕಾದರೆ ಕೈಗೆ ಕೆಲಸ ಬೀಳುತ್ತದೆ. ಎಪಾಕ್ಸಿ ರಾಳದಲ್ಲಿ ಹುದುಗಿಸಿದ ಕಾರ್ಬನ್ ಪದರವೂ ಹಾಗೆಯೇ: ನಾರಿನ ನೇರಕ್ಕೆ ಅದರ ಬಿಗಿತ ಸುಮಾರು ೧೩೦ ಗಿಗಾಪಾಸ್ಕಲ್ ಇದ್ದರೆ ಅಡ್ಡಕ್ಕೆ ಹತ್ತರ ಹತ್ತಿರ. ಎರಡನೆಯದು, ಅದುಮಿದಾಗ ಈ ದ್ರವ್ಯದ ಬಲ ಎಳೆದಾಗಿನ ಬಲದ ಶೇಕಡ ೬೦ರ ಆಸುಪಾಸಿಗೆ ಇಳಿದುಬಿಡುತ್ತದೆ. ಹಗ್ಗವನ್ನು ಎಳೆಯಬಹುದು, ತಳ್ಳಲಾಗದು. ಕೂದಲಿಗಿಂತ ಸಪೂರವಾದ ಈ ಎಳೆಗಳನ್ನು ತಳ್ಳಿದಾಗ ಅವು ಡೊಂಕಾಗದಂತೆ ಅಕ್ಕಪಕ್ಕದಲ್ಲಿ ಹಿಡಿದು ನಿಲ್ಲಿಸುವುದು ರಾಳ ಮಾತ್ರ. ಅದುಮುವ ಬಲಕ್ಕೆ ಎಳೆಗಳ ಒಂದು ಸಾಲು ಬಾಗಿತೆಂದರೆ ನೆರೆಯ ಸಾಲುಗಳೂ ಬಾಗುತ್ತವೆ. ಮೂರನೆಯದು, ಮುರಿಯುವ ಮೊದಲು ಕಾರ್ಬನ್ ಸೂಚನೆ ಕೊಡುವುದಿಲ್ಲ. ಉಕ್ಕು ಬಗ್ಗುತ್ತದೆ, ಹಿಗ್ಗುತ್ತದೆ, ಕಷ್ಟವನ್ನು ಹೇಳಿಕೊಂಡು ಕಡೆಗೆ ಮುರಿಯುತ್ತದೆ. ಕಾರ್ಬನ್ ನಾರು ನೂರಕ್ಕೆ ಎರಡು ಪಾಲಿನಷ್ಟೂ ಹಿಗ್ಗದೆ ಒಮ್ಮೆಲೇ ಕೈಬಿಡುತ್ತದೆ.

ಇಷ್ಟೆಲ್ಲ ತೊಂದರೆಯಿರುವ ದ್ರವ್ಯ ಏಕೆ ಬೇಕು ಎಂದು ಕೇಳಬಹುದು. ಉತ್ತರ ತೂಕದಲ್ಲಿದೆ. ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಎಂಬ ಊರಿನಿಂದ ಹೊರಟು, ಎಲ್ಲಿಯೂ ನಿಲ್ಲದೆ, ಯಾರ ಸಹಾಯವನ್ನೂ ಪಡೆಯದೆ, ಒಬ್ಬರೇ ಭೂಮಿಯನ್ನು ಸುತ್ತಿ ಬರುವ 'ವಾಂದೇ ಗ್ಲೋಬ್' ಎಂಬ ಪಂದ್ಯವುಂಟು. ಅದರಲ್ಲಿ ಓಡುವ 'ಇಮೋಕಾ' ವರ್ಗದ ಹಡಗಿನ ಉದ್ದ ೧೮.೨೮ ಮೀಟರ್, ಕೂವೆಕಂಬದ ಎತ್ತರ ನೀರಿನಿಂದ ೨೯ ಮೀಟರಿನವರೆಗೆ, ತೂಕ ಮಾತ್ರ ೮ ಟನ್ನಿನ ಸುಮಾರು. ಹೋಲಿಕೆಗೆ ನಮ್ಮ ನೌಕಾಪಡೆಯ 'ಮ್ಹಾದೆಯಿ'ಯನ್ನು ತೆಗೆದುಕೊಳ್ಳೋಣ. ಮರದ ತಿರುಳಿಗೆ ಗಾಜಿನ ನಾರನ್ನು ಹೊದಿಸಿ ಗೋವೆಯಲ್ಲಿ ಕಟ್ಟಿದ ಈ ಹಡಗಿನ ಉದ್ದ ಸುಮಾರು ೧೭ ಮೀಟರ್, ತೂಕ ೨೩ ಟನ್. ೨೦೧೨-೧೩ರಲ್ಲಿ ಅಭಿಲಾಷ್ ಟಾಮಿಯವರು ಇದರಲ್ಲಿ ಒಬ್ಬರೇ, ಎಲ್ಲಿಯೂ ನಿಲ್ಲದೆ, ಮುಂಬಯಿಯಿಂದ ಹೊರಟು ಭೂಪ್ರದಕ್ಷಿಣೆ ಮಾಡಿ ಐದು ತಿಂಗಳಲ್ಲಿ ಹಿಂದಿರುಗಿದರು. ಅದೇ ಋತುವಿನಲ್ಲಿ ಫ್ರಾನ್ಸುವಾ ಗಬಾರ್ ಕಾರ್ಬನ್ ಹಡಗಿನಲ್ಲಿ ೭೮ ದಿನಗಳಲ್ಲಿ ಸುತ್ತಿ ಬಂದರು. ಎರಡರ ಉದ್ದೇಶ ಬೇರೆ, ದಾರಿಯೂ ಒಂದೇ ಅಲ್ಲ. ಯಾವುದು ಹೆಚ್ಚಿನ ಸಾಹಸ ಎಂಬ ಪ್ರಶ್ನೆಯನ್ನು ನಾವು ಎತ್ತುವುದಿಲ್ಲ. ಆದರೆ ಮೂರನೆಯ ಒಂದು ಪಾಲಿನ ತೂಕ ಏನು ಮಾಡಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

ತೂಕ ಎಷ್ಟು ಎಂಬುದಷ್ಟೇ ಅಲ್ಲ, ಅದು ಎಲ್ಲಿದೆ ಎಂಬುದೂ ಮುಖ್ಯ. ಹಾಯಿಗೆ ಗಾಳಿ ಬಡಿದಾಗ ಹಡಗು ವಾಲುತ್ತದೆ. ವಾಲಿದ್ದನ್ನು ಎತ್ತಿ ನಿಲ್ಲಿಸುವುದು ಕೀಲ್ ಎಂಬ ಉದ್ದನೆಯ ಅಡಿರೆಕ್ಕೆಯ ತುದಿಯಲ್ಲಿ ನೀರೊಳಗೆ ತೂಗುವ ಸೀಸದ ಗುಂಡು. ಕೂವೆಕಂಬದಲ್ಲಿ ೧೨ ಮೀಟರ್ ಎತ್ತರದಲ್ಲಿ ಒಂದು ಕಿಲೋಗ್ರಾಂ ಉಳಿಸಿದರೆ, ೪ ಮೀಟರ್ ಆಳದಲ್ಲಿ ಮೂರು ಕಿಲೋಗ್ರಾಂ ಸೀಸವನ್ನು ಕಡಮೆ ಮಾಡಬಹುದು. ಸನ್ನೆಕೋಲಿನ ಈ ಸರಳ ಲೆಕ್ಕವೇ ಕಾರ್ಬನ್ನನ್ನು ಮೊದಲು ಕೂವೆಕಂಬಕ್ಕೆ ಏರಿಸಿತು. ೧೯೭೭ರಷ್ಟು ಹಿಂದೆಯೇ 'ಹೀತ್ಸ್ ಕಾಂಡರ್' ಎಂಬ ಬ್ರಿಟಿಷ್ ಹಡಗು ಕಾರ್ಬನ್ ಕಂಬವನ್ನು ಹೊತ್ತು ಭೂಪ್ರದಕ್ಷಿಣೆಯ ಪಂದ್ಯಕ್ಕೆ ಹೊರಟಿತ್ತು. ಮೊದಲ ಹಂತದಲ್ಲೇ ಆ ಕಂಬ ಮುರಿಯಿತು.

ಈಗ ಒಡಲನ್ನು ಕಟ್ಟುವ ಕ್ರಮಕ್ಕೆ ಬರೋಣ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮೀಟರ್ ಅಳತೆಪಟ್ಟಿಯ ಒಂದು ತುದಿಯನ್ನು ಬಿಗಿದು ಇನ್ನೊಂದಕ್ಕೆ ತೂಕ ಕಟ್ಟಿ ಬಾಗನ್ನು ಅಳೆಯುವ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಗಳು ಮಾಡಿಯೇ ಇರುತ್ತಾರೆ. ಪಟ್ಟಿಯನ್ನು ಮಲಗಿಸಿದರೆ ಸುಲಭವಾಗಿ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿದರೆ ಬಾಗಲೊಲ್ಲದು. ಬಾಗಿಗೆ ಎದುರಾದ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪ ಇಮ್ಮಡಿಯಾದರೆ ಬಿಗಿತ ಎಂಟುಮಡಿ. ಹಾಗೆಂದು ಕಾರ್ಬನ್ನನ್ನು ದಪ್ಪಗೆ ಬಳಿದರೆ ತೂಕ ಏರುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ಬಾಗುವ ಹಲಗೆಯ ಒಂದು ಮುಖ ಎಳೆತಕ್ಕೂ ಇನ್ನೊಂದು ಮುಖ ಅದುಮಿಗೂ ಒಳಗಾಗುತ್ತದೆ. ನಡುವಣ ಭಾಗ ಹೆಚ್ಚುಕಡಮೆ ಸುಮ್ಮನಿರುತ್ತದೆ. ಆದ್ದರಿಂದ ಬೆಲೆಬಾಳುವ ದ್ರವ್ಯವನ್ನು ಎರಡು ಮುಖಗಳಲ್ಲಿಟ್ಟು ನಡುವೆ ಹಗುರವಾದುದನ್ನು ತುಂಬಿದರೆ ಸಾಕು. ತಲಾ ೧ ಮಿಲಿಮೀಟರ್ ದಪ್ಪದ ಎರಡು ಕಾರ್ಬನ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿದಾಗಿನ ಬಿಗಿತವನ್ನು ೧ ಎಂದಿಟ್ಟುಕೊಳ್ಳೋಣ. ಅವೇ ಹಾಳೆಗಳ ನಡುವೆ ೨೦ ಮಿಲಿಮೀಟರಿನ ಜೇನುಗೂಡಿನಂಥ ತಿರುಳನ್ನಿಟ್ಟರೆ ಬಿಗಿತ ೩೩೦ರಷ್ಟಾಗುತ್ತದೆ! ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ತೂಕ ಹೆಚ್ಚಿದ್ದಾದರೋ ಮೂರನೆಯ ಒಂದು ಪಾಲು, ಅಂಟನ್ನೂ ಸೇರಿಸಿದರೆ ಅರ್ಧದಷ್ಟು. ಈ ಜೇನುಗೂಡನ್ನು ಮಾಡುವುದು ನೋಮೆಕ್ಸ್ ಎಂಬ ಕಾಗದವನ್ನು ಷಟ್ಕೋನದ ಕೋಶಗಳಾಗಿ ಹಿಗ್ಗಿಸಿ, ರಾಳದಲ್ಲಿ ಅದ್ದಿ.

ಹಡಗಿನ ಒಡಲಿಗೆ ಮೊದಲು ಅಚ್ಚು ಬೇಕು. ಅಚ್ಚಿಗೂ ಕಾರ್ಬನ್ನನ್ನೇ ಬಳಸುವುದು ವಾಡಿಕೆ. ಇದು ದುಂದಲ್ಲ, ಇದರ ಹಿಂದೆ ಉಷ್ಣಶಾಸ್ತ್ರವಿದೆ. ೧೮ ಮೀಟರ್ ಉದ್ದದ ಅಲ್ಯೂಮಿನಿಯಂ ಅಚ್ಚನ್ನು ೨೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಕಾಯಿಸಿದರೆ ಅದು ೩೩ ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಕಾರ್ಬನ್ ನಾರು ತನ್ನ ಉದ್ದಕ್ಕೆ ಹಿಗ್ಗುವುದೇ ಇಲ್ಲವೆನ್ನಬಹುದು; ನಿಜವಾಗಿ ಕೂದಲೆಳೆಯಷ್ಟು ಕುಗ್ಗುತ್ತದೆ. ಅಚ್ಚು ಹಿಗ್ಗಿ ಹಡಗು ಹಿಗ್ಗದಿದ್ದರೆ ಆಕಾರ ಕೆಟ್ಟಿತೆಂದೇ ಅರ್ಥ.

ಈ ಅಚ್ಚಿನ ಮೇಲೆ ರಾಳವುಂಡ ಕಾರ್ಬನ್ ಬಟ್ಟೆಯ ಪಟ್ಟಿಗಳನ್ನು ಹಾಸುತ್ತಾರೆ. ಕಾರ್ಖಾನೆಯಲ್ಲೇ ಅಳತೆಗೆ ಸರಿಯಾಗಿ ರಾಳ ಕುಡಿಸಿದ ಈ ಬಟ್ಟೆಯನ್ನು ಸೊನ್ನೆಗಿಂತ ೧೮ ಡಿಗ್ರಿ ಕೆಳಗಿನ ಶೀತದಲ್ಲಿ ಇಟ್ಟಿರಬೇಕು. ಹೊರಗೆ ಬಿಟ್ಟರೆ ರಾಳ ತಾನಾಗಿಯೇ ಗಟ್ಟಿಯಾಗತೊಡಗುತ್ತದೆ. ಪ್ರತಿಯೊಂದು ಪಟ್ಟಿಗೂ ದಿಕ್ಕು ಗೊತ್ತುಮಾಡಿದೆ: ಹಡಗಿನ ಉದ್ದಕ್ಕೆ ಕೆಲವು, ಅಡ್ಡಕ್ಕೆ ಕೆಲವು, ತಿರುಚುವ ಬಲವನ್ನು ತಡೆಯಲು ೪೫ ಡಿಗ್ರಿ ಓರೆಯಾಗಿ ಕೆಲವು. ಬಾಳೆಯೆಲೆಯ ದೋಷವನ್ನು ಹೀಗೆ ಎಲೆಯ ಮೇಲೆ ಎಲೆಯಿಟ್ಟು ನಿವಾರಿಸುತ್ತಾರೆ. ಎಲ್ಲಿ ಎಷ್ಟು ಪದರ, ಯಾವ ದಿಕ್ಕಿಗೆ ಎಂಬುದರ ನಕ್ಷೆಯೇ ಹಡಗಿನ ನಿಜವಾದ ವಿನ್ಯಾಸ. ಹೊರಗಿನ ಅಂದವಾದ ಆಕಾರ ಅದರ ಅರ್ಧ ಕಥೆ ಮಾತ್ರ. ಹಾಸುವ ಕೆಲಸವಂತೂ ಬಹುಪಾಲು ಕೈಯಿಂದಲೇ ನಡೆಯುತ್ತದೆ. ಬೆರಳಿನ ಜಿಡ್ಡು, ಒಂದು ಮಡಿಕೆ, ಬಟ್ಟೆಯ ಹಿಂದಣ ಕಾಗದದ ಚೂರು, ಸಿಕ್ಕಿಕೊಂಡ ಗಾಳಿಯ ಗುಳ್ಳೆ, ಇವುಗಳಲ್ಲಿ ಯಾವುದೊಂದು ಉಳಿದರೂ ಅಲ್ಲಿ ಪದರಗಳು ಮುಂದೊಂದು ದಿನ ಬಿಟ್ಟುಕೊಳ್ಳುತ್ತವೆ.

ಗುಳ್ಳೆಗಳನ್ನು ಹೊರಡಿಸಲು ಬಳಸುವ ಯಂತ್ರ ನಮ್ಮೆಲ್ಲರ ತಲೆಯ ಮೇಲಿರುವ ವಾತಾವರಣವೇ. ಹಾಸಿದ ಪದರಗಳ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮುಚ್ಚಿ, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದುಬಿಡುತ್ತಾರೆ. ಆಗ ಪ್ರತಿ ಚದರ ಮೀಟರಿನ ಮೇಲೂ ೧೦ ಟನ್ ಭಾರ ಹೇರಿದಂತಾಗುತ್ತದೆ. ನೂರು ಚದರ ಮೀಟರಿನ ಮೇಲ್ಮೈಗೆ ೧೦೦೦ ಟನ್! ಇಷ್ಟು ದೊಡ್ಡ ಒತ್ತುಯಂತ್ರವನ್ನು ಕಬ್ಬಿಣದಿಂದ ಮಾಡಹೊರಟರೆ ಅದರ ಖರ್ಚು ಹಡಗಿನ ಖರ್ಚನ್ನು ಮೀರೀತು. ಹಾಗೆಯೇ ಅಚ್ಚನ್ನು ಒಲೆಕೋಣೆಗೆ ನೂಕಿ, ನಿಧಾನವಾಗಿ ೮೦ರಿಂದ ೧೨೦ ಡಿಗ್ರಿಯವರೆಗೆ ಕಾಯಿಸುತ್ತಾರೆ. ಆತುರ ಸಲ್ಲದು, ಗಟ್ಟಿಯಾಗುವಾಗ ರಾಳ ತಾನೂ ಶಾಖವನ್ನು ಹೊರಸೂಸುವುದರಿಂದ ದಪ್ಪನೆಯ ಕಡೆಗಳಲ್ಲಿ ಕಾವು ಕೈಮೀರಬಹುದು. ಕೂವೆಕಂಬದಂಥ ಭಾಗಗಳಿಗೆ ಒಂದು ವಾಯುಭಾರ ಸಾಲದೆ, ಆಟೋಕ್ಲೇವ್ ಎಂಬ ಮುಚ್ಚಿದ ಉರುಳೆಯಲ್ಲಿ ಅದರ ಹಲವು ಪಟ್ಟು ಒತ್ತಡವನ್ನು ಕೊಡುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ತೇಜಸ್ ವಿಮಾನದ ಕಾರ್ಬನ್ ಭಾಗಗಳು ಬೇಯುವುದೂ ಇಂಥ ಉರುಳೆಗಳಲ್ಲೇ. ವಿದ್ಯೆ ಒಂದೇ, ಕೆಲಸ ಬೇರೆ.

ಒಡಲು, ಡೆಕ್ಕು, ಅಡ್ಡಗೋಡೆಗಳು, ಉದ್ದತೊಲೆಗಳು ಇವನ್ನೆಲ್ಲ ಒಂದುಗೂಡಿಸುವಾಗ ಮೊಳೆಗೆ ಸ್ಥಾನವಿಲ್ಲ, ಎಲ್ಲವೂ ಅಂಟಿನಿಂದಲೇ. ಲೋಹ ಅನಿವಾರ್ಯವಾದ ಕಡೆ ಟೈಟೇನಿಯಂ ಮೇಲು. ಅಲ್ಯೂಮಿನಿಯಂ ಕಾರ್ಬನ್ನಿಗೆ ತಾಗಿದ್ದು, ಮೇಲೆ ಉಪ್ಪುನೀರು ಬಿದ್ದರೆ, ಎರಡೂ ಸೇರಿ ವಿದ್ಯುತ್ಕೋಶವಾಗಿ ಅಲ್ಯೂಮಿನಿಯಂ ಸವೆದುಹೋಗುತ್ತದೆ. ನೀರಿಗಿಳಿಸುವ ಮೊದಲು ವೈದ್ಯರು ಹೊಟ್ಟೆಯನ್ನು ನೋಡುವಂತೆ ಶ್ರವಣಾತೀತ ಧ್ವನಿಯಿಂದ ಒಡಲನ್ನು ಪರೀಕ್ಷಿಸುತ್ತಾರೆ. ಪದರಗಳ ನಡುವೆ ಟೊಳ್ಳಿದ್ದರೆ ಪ್ರತಿಧ್ವನಿ ಬೇರೆಯಾಗಿ ಬರುತ್ತದೆ.

ಇನ್ನು 'ಒನ್ ಆಸ್ಟ್ರೇಲಿಯಾ'ದ ಡೆಕ್ಕಿಗೆ ಹಿಂದಿರುಗಬಹುದು. ಹಾಯಿಹಡಗಿನ ಕೂವೆಕಂಬವನ್ನು ನಿಲ್ಲಿಸುವುದು ಮೂತಿಗೂ ಹಿಂಬದಿಗೂ ಬಿಗಿದ ಹಗ್ಗಗಳು. ಹಾಯಿಯ ಅಂಚು ನೆಟ್ಟಗಿರಬೇಕಾದರೆ ಅವನ್ನು ಹತ್ತಾರು ಟನ್ ಬಲದಿಂದ ಬಿಗಿಯಬೇಕು. ಹಗ್ಗಗಳು ಹಡಗಿನ ಎರಡು ತುದಿಗಳನ್ನೂ ಮೇಲಕ್ಕೆ ಎಳೆಯುತ್ತವೆ. ಕಂಬದ ಬುಡ ನಡುವನ್ನು ಕೆಳಕ್ಕೆ ತಳ್ಳುತ್ತದೆ. ಎಂದರೆ ಹಡಗು ಹೆದೆಯೇರಿಸಿದ ಬಿಲ್ಲು! ಅದರ ಮೇಲೆ ನಡುವಿನಲ್ಲೇ ತೂಗುಬಿದ್ದ ಸೀಸದ ಭಾರ; ಆ ವರ್ಗದ ಹಡಗು ಸುಮಾರು ೨೫ ಟನ್ ತೂಗುತ್ತಿದ್ದು ಅದರಲ್ಲಿ ಬಹುಭಾಗ ಈ ಸೀಸವೇ ಆಗಿತ್ತು. ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಬದಿ ಇನ್ನೊಂದರ ಮೇಲೆ ಕುಳಿತು, ನಡುವು ತಗ್ಗಿನಲ್ಲಿ ಉಳಿದಾಗ ಬಿಲ್ಲು ಮತ್ತಷ್ಟು ಬಾಗುತ್ತದೆ. ಮೂರು ಕಾರಣಗಳೂ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ: ತಳಕ್ಕೆ ಎಳೆತ, ಡೆಕ್ಕಿಗೆ ಅದುಮು. ತಳ ಎಳೆತವನ್ನು ಲೀಲೆಯಿಂದ ತಡೆಯುತ್ತದೆ. ಅದು ಕಾರ್ಬನ್ನಿನ ಹುಟ್ಟುಗುಣ. ಡೆಕ್ಕಿನ ಪಾಲಿಗೆ ಬಂದದ್ದು ಕಾರ್ಬನ್ನಿಗೆ ಒಗ್ಗದ ಕೆಲಸ. ಅದರ ಮೇಲೆ ನಾವಿಕರು ಇಳಿಯುವ ಕುಳಿಗಳನ್ನೂ ಬಾಗಿಲುಗಳನ್ನೂ ಕೊರೆದಿರುತ್ತಾರೆ. ಅದುಮಿಸಿಕೊಂಡ ತೆಳುಹಾಳೆ ಮುರಿಯುವ ಮೊದಲೇ ಸೊಟ್ಟಗಾಗಿ ಮಡಿದುಕೊಳ್ಳಬಹುದು. ಒಂದು ಅಂಚೆಕಾರ್ಡನ್ನು ಎರಡು ತುದಿಗಳಿಂದ ಒತ್ತಿ ನೋಡಿದರೆ ಇದು ಮನದಟ್ಟಾಗುತ್ತದೆ. ನೀರಿನಲ್ಲಿರುವ ತಳವನ್ನು ಎಲ್ಲರೂ ಗಮನಿಸುತ್ತಾರೆ. ಕಾಲ ಕೆಳಗಿನ ಡೆಕ್ಕನ್ನು ಹಗುರ ಮಾಡುವ ಆಸೆಗೆ ಮಿತಿ ಹಾಕುವುದು ಕಷ್ಟ.

ದಕ್ಷಿಣ ಸಾಗರದಲ್ಲಿ ಇನ್ನೊಂದು ಶತ್ರುವಿದೆ. ಈಗಿನ ಇಮೋಕಾ ಹಡಗುಗಳಿಗೆ ಅಕ್ಕಪಕ್ಕದಲ್ಲಿ ಬಾಗಿದ ನೀರ್ರೆಕ್ಕೆಗಳಿವೆ. ವೇಗ ಏರಿದಾಗ ಅವು ಒಡಲನ್ನು ನೀರಿನಿಂದ ಭಾಗಶಃ ಎತ್ತುತ್ತವೆ. ಗಂಟೆಗೆ ೫೫ ಕಿಲೋಮೀಟರ್ ವೇಗ ಅಪರೂಪವಲ್ಲ. ಆದರೆ ಮೇಲೆದ್ದ ಹಡಗು ಮತ್ತೆ ಬೀಳಲೇಬೇಕು, ಅದೂ ಮುಂದಿನ ಅಲೆಯ ಬೆನ್ನಿನ ಮೇಲೆ. ಆ ವೇಗದಲ್ಲಿ ನೀರು ಗೋಡೆಯಷ್ಟೇ ಗಟ್ಟಿ. ಜೇನುಗೂಡಿನ ತಿರುಳು ಬಾಗನ್ನು ತಡೆದರೂ ಇಂಥ ಬಡಿತಕ್ಕೆ ಒಳಗೇ ಸೀಳಿಹೋಗಬಹುದು. ಆದ್ದರಿಂದ ಇತ್ತೀಚಿನ ಅನೇಕ ಹಡಗುಗಳಲ್ಲಿ ಮುಂಭಾಗದ ತಳವನ್ನು ತಿರುಳಿಲ್ಲದ ಗಟ್ಟಿ ಕಾರ್ಬನ್ನಿನಿಂದಲೇ ಮಾಡಿ, ಒಳಗಡೆ ಒತ್ತೊತ್ತಾಗಿ ತೊಲೆಗಳನ್ನು ಕೂರಿಸುತ್ತಾರೆ. ೨೦೧೨-೧೩ರ ಪಂದ್ಯದ ಅನಂತರ ಕಟ್ಟಿದ ಹಡಗುಗಳಿಗೆ ಒಂದೇ ಮಾದರಿಯ ಕೂವೆಕಂಬವನ್ನೂ ಕೀಲನ್ನೂ ನಿಯಮವಾಗಿ ವಿಧಿಸಿದ್ದಾರೆ. ಅವನ್ನು ಹಗುರ ಮಾಡುವ ಪೈಪೋಟಿ ಅಷ್ಟರಮಟ್ಟಿಗೆ ನಿಂತಿತು. ಒಡಲಿನ ಮಾತು ಹಾಗಲ್ಲ.

೨೦೨೦ರ ನವೆಂಬರ್ ೩೦ರಂದು, ಕೇಪ್‌ಟೌನಿನಿಂದ ನೈರುತ್ಯಕ್ಕೆ ಬಹುದೂರದಲ್ಲಿ, ಕೆವಿನ್ ಎಸ್ಕೋಫಿಯೇ ಅವರ 'ಪಿಆರ್‌ಬಿ' ಎಂಬ ಹಡಗು ಒಂದು ಅಲೆಯಿಂದಿಳಿದು ಮುಂದಿನದಕ್ಕೆ ಮೂತಿ ಹೊಡೆಯಿತು. ಮೂತಿ ೯೦ ಡಿಗ್ರಿಯಷ್ಟು ಮೇಲಕ್ಕೆ ಮಡಿಚಿಕೊಂಡಿತು. ಸ್ಯಾನ್ ಡಿಯೇಗೋದಲ್ಲಿ ಕಂಡ ದಿಕ್ಕಿಗೇ ಎಂಬುದು ಗಮನಾರ್ಹ. ಇದು ಹಿಂದಿನ ತಲೆಮಾರಿನ ಹಡಗು. ನೀರ್ರೆಕ್ಕೆಗಳನ್ನು ಆಮೇಲೆ ಜೋಡಿಸಿ, ಹೆಚ್ಚಿನ ಕಾರ್ಬನ್ ಸೇರಿಸಿ ಬಲಪಡಿಸಿದ್ದರು. ಕ್ಷಣಮಾತ್ರದಲ್ಲಿ ಹಡಗಿಗೆ ನೀರು ನುಗ್ಗಿತು. ಎಸ್ಕೋಫಿಯೇ ಜೀವರಕ್ಷಕ ಉಡುಪನ್ನು ತೊಟ್ಟು ರಬ್ಬರಿನ ತೆಪ್ಪಕ್ಕೆ ಹಾರಿಕೊಂಡರು. ಸಮೀಪದಲ್ಲಿದ್ದ ಸ್ಪರ್ಧಿಗಳನ್ನು ಅವರ ದಾರಿಯಿಂದ ತಿರುಗಿಸಲಾಯಿತು. ಮೊದಲು ತಲಪಿದ ಜಾನ್ ಲ ಕಾಮ್ ಒಮ್ಮೆ ತೆಪ್ಪವನ್ನು ಕಂಡು, ಭಾರಿ ಅಲೆಗಳಲ್ಲಿ ಕಳೆದುಕೊಂಡು, ಮತ್ತೆ ಕತ್ತಲೆಯಲ್ಲಿ ಹುಡುಕಿ, ಹನ್ನೊಂದು ಗಂಟೆಗಳಿಗೂ ಮೀರಿದ ಮೇಲೆ ಅವರನ್ನು ತಮ್ಮ ಹಡಗಿಗೆ ಹತ್ತಿಸಿಕೊಂಡರು. ೨೦೦೯ರ ಜನವರಿಯಲ್ಲಿ ಇದೇ ಲ ಕಾಮ್ ಕೇಪ್ ಹಾರ್ನ್ ಬಳಿ ಮಗುಚಿದ ಹಡಗಿನೊಳಗೆ ಸಿಕ್ಕಿಕೊಂಡಿದ್ದಾಗ ಅವರನ್ನು ಉಳಿಸಿದ್ದುದು 'ಪಿಆರ್‌ಬಿ' ಎಂಬ ಹೆಸರಿನದೇ ಹಿಂದಿನ ಹಡಗು. ಆ ವರ್ಷದ ಪಂದ್ಯಕ್ಕೆ ಹೊರಟ ಹಡಗುಗಳು ೩೩, ಮುಗಿಸಿದವು ೨೫.

ಅನಂತರದ ಹಡಗುಗಳಲ್ಲಿ ಬದಲಾವಣೆ ಕಣ್ಣಿಗೆ ಕಾಣುವಂತಿದೆ. ಕತ್ತಿಯಂತಿದ್ದ ಮೂತಿ ಅನೇಕ ಹಡಗುಗಳಲ್ಲಿ ದುಂಡಗಾಗಿ ಮೇಲಕ್ಕೆ ಬಾಗಿದೆ. ಅಲೆಯನ್ನು ಸೀಳಿ ಹೂತುಕೊಳ್ಳುವ ಬದಲು ಅದನ್ನು ಹತ್ತಿ ದಾಟಬೇಕೆಂಬುದು ಉದ್ದೇಶ. ಒಡಲಿನಲ್ಲೂ ನೀರ್ರೆಕ್ಕೆಗಳಲ್ಲೂ ಬೆಳಕಿನ ನಾರುಗಳನ್ನು ಹುದುಗಿಸಿರುತ್ತಾರೆ. ಕಾರ್ಬನ್ ಹಿಗ್ಗಿದಷ್ಟೂ ಆ ನಾರಿನಲ್ಲಿ ಹಾಯುವ ಬೆಳಕು ಬದಲಾಗುತ್ತದೆ, ಭಾರ ಮಿತಿಯ ಹತ್ತಿರ ಬಂದರೆ ಗಂಟೆ ಬಾರಿಸುತ್ತದೆ. ಮುರಿಯುವ ಮೊದಲು ಮಾತಾಡದ ದ್ರವ್ಯಕ್ಕೆ ಬಾಯಿ ಕೊಟ್ಟಂತಾಯಿತು. ಗಂಟೆ ಕೇಳಿದ ನಾವಿಕ ಹಾಯಿ ಇಳಿಸುವನೋ ಇಲ್ಲವೋ ಅದು ಅವನಿಗೆ ಬಿಟ್ಟದ್ದು.

ದುಂಡು ಮೂತಿಯ ಹಡಗುಗಳಲ್ಲಿ ಬೋರಿಸ್ ಹೆರ್ಮಾನ್ ಅವರ 'ಮಲೀಜಿಯಾ' ಒಂದು, ೨೦೨೨ರಲ್ಲಿ ನೀರಿಗಿಳಿದದ್ದು. ೨೦೨೩ರಲ್ಲಿ ತಂಡವಾಗಿ ಭೂಮಿಯನ್ನು ಸುತ್ತುವ 'ಓಷನ್ ರೇಸ್' ಪಂದ್ಯದಲ್ಲಿ, ಕೇಪ್‌ಟೌನಿನಿಂದ ಬ್ರೆಜಿಲಿನ ಇಟಾಜಾಯಿಗೆ ಹೊರಟ ಕೆಲವೇ ದಿನಗಳಲ್ಲಿ ಅದರ ಕೂವೆಕಂಬದ ತುದಿಯ ಬಳಿ ಬಿರುಕು ಕಾಣಿಸಿತು. ಹಿಂದಿರುಗುವುದೋ ಮುಂದುವರಿಯುವುದೋ ಎಂಬ ಪ್ರಶ್ನೆ ಎದ್ದಿತು. ರೋಸಲಿನ್ ಕೌಪರ್ ಮತ್ತು ವಿಲ್ ಹ್ಯಾರಿಸ್ ಕಂಬವನ್ನು ಹತ್ತಿದರು. ಡೆಕ್ಕಿನ ಮೇಲೆ ಒಂದಡಿ ತೂಗಾಡುವ ಹಡಗು ೨೮ ಮೀಟರ್ ಎತ್ತರದಲ್ಲಿ ಎಷ್ಟು ತೂಗಾಡೀತು ಎಂಬುದನ್ನು ವಾಚಕರೇ ಊಹಿಸಬಹುದು. ಅಲ್ಲಿ ಜೋತುಬಿದ್ದುಕೊಂಡು ಅವರು ಒಡೆದ ಜಾಗವನ್ನು ಉಜ್ಜಿ ಹದಗೊಳಿಸಿ, ರಾಳ ಹಚ್ಚಿದ ಕಾರ್ಬನ್ ಬಟ್ಟೆಯನ್ನು ಪದರಪದರವಾಗಿ ಅಂಟಿಸಿದರು. ಅಲ್ಲಿ ಅಚ್ಚಿಲ್ಲ, ಒಲೆಕೋಣೆಯಿಲ್ಲ, ಸಾವಿರ ಟನ್ನಿನ ವಾಯುಭಾರವೂ ಇಲ್ಲ. ರಾಳ ಗಟ್ಟಿಯಾದ ಮೇಲೆ ಹಾಯಿಯನ್ನು ಮತ್ತೆ ಏರಿಸಿದರು. ಆ ತೇಪೆಯನ್ನು ಹೊತ್ತ ಕಂಬದೊಡನೆ ಹಡಗು ಕೇಪ್ ಹಾರ್ನನ್ನು ಸುತ್ತಿ, ಏಪ್ರಿಲ್ ಮೊದಲ ವಾರದಲ್ಲಿ ಇಟಾಜಾಯಿಗೆ ಎಲ್ಲರಿಗಿಂತ ಮೊದಲು ತಲಪಿತು.